ಸೂರ್ಯ ರಜೆ ಹಾಕುವ ಊರು

ಒಂದು ವಾರ ಮೋಡ ಮುಚ್ಚಿಕೊಂಡರೆ ಸಾಕು, ‘ಬಟ್ಟೆ ಒಣಗ್ತಿಲ್ಲ’ ಅಂತ ಗೊಣಗುವವರು ನಾವು. ರಷ್ಯಾದ ಮುರ್ಮನ್ಸ್ಕ್ ನಗರದಲ್ಲಿ ಪ್ರತಿ ವರ್ಷ ಸುಮಾರು 40 ದಿನ ಸೂರ್ಯ ಹುಟ್ಟುವುದೇ ಇಲ್ಲ. ಆದರೂ ಮಕ್ಕಳು ಶಾಲೆಗೆ ಹೋಗ್ತಾರೆ, ಟ್ರಾಲಿ ಬಸ್ ಓಡುತ್ತೆ, ಬಂದರಿನಲ್ಲಿ ಕ್ರೇನುಗಳು ಸರಕು ಇಳಿಸುತ್ತವೆ. ಆರ್ಕ್ಟಿಕ್ ವೃತ್ತದಾಚೆ ಇರುವ ಜಗತ್ತಿನ ಅತಿ ದೊಡ್ಡ ನಗರ ಇದು.

ಇಂಥ ಜಾಗದಲ್ಲಿ ಊರು ಕಟ್ಟಿದ್ದು ಯಾಕೆ? ಯುದ್ಧಕ್ಕಾಗಿ. ಮೊದಲ ಮಹಾಯುದ್ಧದಲ್ಲಿ ರಷ್ಯಾಕ್ಕೆ ಬಾಲ್ಟಿಕ್ ದಾರಿಯಲ್ಲಿ ಜರ್ಮನಿ ಅಡ್ಡ, ಕಪ್ಪು ಸಮುದ್ರದ ದಾರಿಯಲ್ಲಿ ತುರ್ಕಿ ಅಡ್ಡ. ಮಿತ್ರರಾಷ್ಟ್ರಗಳಿಂದ ಮದ್ದುಗುಂಡು ಬರಬೇಕಲ್ಲ? ನೋಡಿ, ಇಲ್ಲೇ ಇದೆ ಪ್ರಕೃತಿಯ ಆಟ. ಇನ್ನೂ ದಕ್ಷಿಣದಲ್ಲಿರುವ ಅರ್ಖಾಂಗೆಲ್ಸ್ಕ್ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ. ಆದರೆ ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆಯ ಪ್ರವಾಹ ಮುರ್ಮನ್ಸ್ಕ್‌ನ ದಾರಿಯನ್ನು ತೆರೆದೇ ಇಡುತ್ತೆ. ಹಾಗಾಗಿ ಯುದ್ಧಕೈದಿಗಳನ್ನೂ ದುಡಿಸಿ ಅಲ್ಲಿಯವರೆಗೆ ರೈಲು ಹಳಿ ಹಾಕಿದರು. ಚಳಿಗೆ, ಕಾಯಿಲೆಗೆ ಸಾವಿರಾರು ಜನ ಸತ್ತರು. 1916ರಲ್ಲಿ ಊರಿಗೆ ದೊರೆಯ ವಂಶದ ಹೆಸರಿಟ್ಟರು: ರೊಮಾನೊವ್. ಮರುವರ್ಷವೇ ಕ್ರಾಂತಿ. ದೊರೆಯೂ ಹೋದ, ಹೆಸರೂ ಹೋಯಿತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕದ ಹಡಗುಗಳು ಟ್ಯಾಂಕು, ಲಾರಿ, ಆಹಾರ ಹೊತ್ತು ಇಲ್ಲಿಗೇ ಬಂದವು. ಹಿಟ್ಲರನ ವಿಮಾನಗಳು ಸುಮ್ಮನಿರ್ತಾವಾ? 1942ರ ಜೂನ್ 18ರಂದು ಬೆಂಕಿಬಾಂಬುಗಳು ಬಿದ್ದಾಗ, ಮರದ ಮನೆಗಳ ಊರು ಹೊತ್ತಿ ಉರಿಯಿತು. ಬಂದರು ಮಾತ್ರ ನಿಲ್ಲಲಿಲ್ಲ. ಜರ್ಮನ್ ಸೈನ್ಯ ಕೊನೆಯವರೆಗೂ ಈ ಊರೊಳಗೆ ಕಾಲಿಡಲಾಗಲಿಲ್ಲ.

ಆಮೇಲೆ ಸೋವಿಯತ್ ಸರ್ಕಾರ ಜನರನ್ನು ಕರೆತಂದಿದ್ದು ಹೇಗೆ ಗೊತ್ತಾ? ಹೆಚ್ಚು ಸಂಬಳ, ಹೆಚ್ಚು ರಜೆ ಕೊಟ್ಟು! ಮೀನು ಹಿಡಿಯೋಕೆ, ಹಡಗು ರಿಪೇರಿಗೆ ಜನ ಬಂದರು. ಬಿಸಿಲು ಕಾಣದ ಮಕ್ಕಳನ್ನು ಕನ್ನಡಕ ಹಾಕಿಸಿ ನೇರಳಾತೀತ ದೀಪದ ಮುಂದೆ ನಿಲ್ಲಿಸುತ್ತಿದ್ದರು. 1989ರಲ್ಲಿ ಜನಸಂಖ್ಯೆ 4.68 ಲಕ್ಷ. ಎರಡೇ ವರ್ಷದಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, ಸರ್ಕಾರದ ಆಸರೆ ಕುಸಿಯಿತು, ಜನ ದಕ್ಷಿಣದ ಕಡೆ ಗಂಟುಮೂಟೆ ಕಟ್ಟಿದರು. 2021ರ ಹೊತ್ತಿಗೆ ಉಳಿದವರು 2.70 ಲಕ್ಷ.

ಸ್ಟುಡಿಯೋದಲ್ಲಿ ಕೂತು ನಾನು ದಿನಾ ಯುದ್ಧದ ಸುದ್ದಿ ಓದ್ತೀನಿ. ನಕ್ಷೆಯ ಮೇಲೆ ಬಂದರು ಅಂದ್ರೆ ಒಂದು ಕೆಂಪು ಚುಕ್ಕಿ, ಅಷ್ಟೇ. ಆದರೆ ಜನವರಿಯಲ್ಲಿ ಸೂರ್ಯ ವಾಪಸ್ ಬಂದಾಗ, ಈ ಚುಕ್ಕಿಯೊಳಗಿನ ಜನ ಮಕ್ಕಳ ಕೈ ಹಿಡಿದು, ಅವನನ್ನು ನೋಡೋಕೆ ಗುಡ್ಡ ಹತ್ತುತ್ತಾರೆ. ಸರ್ಕಾರಗಳು ತಮಗೆ ಬೇಕಾದಾಗ ಊರು ಕಟ್ಟುತ್ತವೆ, ಬೇಡವಾದಾಗ ಕೈಬಿಡುತ್ತವೆ. ಅಲ್ಲೇ ಹುಟ್ಟಿ ಬೆಳೆದವರು ಎಲ್ಲಿಗೆ ಹೋಗಬೇಕು, ನೀವೇ ಹೇಳಿ?