ಮೂರೂ ರಕ್ತಕಣಗಳು ಕುಸಿದಾಗ: ಬರ್ಲಿನ್‌ನಿಂದ ಮುಂಬೈವರೆಗೆ

ರಕ್ತ ಪರೀಕ್ಷೆಯ ವರದಿಯಲ್ಲಿ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕಡಿಮೆ ಇದ್ದರೆ ವೈದ್ಯರು ಅದನ್ನು ಪ್ಯಾನ್‌ಸೈಟೋಪೀನಿಯಾ ಎನ್ನುತ್ತಾರೆ. ಈ ಹೆಸರು ಕಿವಿಗೆ ಬಿದ್ದೊಡನೆ ಮನೆಯವರು ಬ್ಲಡ್ ಕ್ಯಾನ್ಸರ್ ಎಂದೇ ಭಾವಿಸಿ ಕಂಗಾಲಾಗುವುದುಂಟು. ವಾಸ್ತವದಲ್ಲಿ ಇದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಇದರ ಕಾರಣ ಹುಡುಕಿದ ಚರಿತ್ರೆಯಲ್ಲಿ ಮುಂಬೈಯ ಬಡ ಮುಸ್ಲಿಂ ಗರ್ಭಿಣಿಯರ ಪಾತ್ರವಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

1888ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಎರ್ಲಿಖ್ 21 ವರ್ಷದ ಗರ್ಭಿಣಿಯೊಬ್ಬಳ ವಿವರ ದಾಖಲಿಸಿದರು. ತೀವ್ರ ರಕ್ತಹೀನತೆ, ರಕ್ತಸ್ರಾವ, ಜ್ವರದಿಂದ ಆಕೆ ಬೇಗನೆ ತೀರಿಕೊಂಡಳು. ಶವಪರೀಕ್ಷೆಯಲ್ಲಿ ತೊಡೆಯೆಲುಬಿನ ಮಜ್ಜೆ ಕೆಂಪಗಿರದೆ ಹಳದಿ ಕೊಬ್ಬಾಗಿತ್ತು. ರಕ್ತ ತಯಾರಾಗುವ ಕಾರ್ಖಾನೆಯೇ ಬರಿದಾಗಿತ್ತು. 1904ರಲ್ಲಿ ಫ್ರಾನ್ಸಿನ ಶೋಫಾರ್ ಇದನ್ನು ಅಪ್ಲಾಸ್ಟಿಕ್ ಅನೀಮಿಯಾ ಎಂದು ಕರೆದರು. ಆದರೆ ರೋಗಿ ಬದುಕಿರುವಾಗಲೇ ಮಜ್ಜೆಯನ್ನು ಸುಲಭವಾಗಿ ನೋಡುವ ದಾರಿ ಆಗ ಇರಲಿಲ್ಲ. 1920ರ ದಶಕದ ಕೊನೆಯಲ್ಲಿ ಲೆನಿನ್‌ಗ್ರಾಡ್‌ನ ಅರಿಂಕಿನ್ ಎದೆಯೆಲುಬಿಗೆ ಸೂಜಿ ಚುಚ್ಚಿ ಮಜ್ಜೆ ತೆಗೆಯುವ ಕ್ರಮವನ್ನು ತೋರಿಸಿಕೊಟ್ಟರು.

ಅದೇ ಹೊತ್ತಿಗೆ, 1928ರಲ್ಲಿ, ಲಂಡನ್ನಿನ ವೈದ್ಯೆ ಲೂಸಿ ವಿಲ್ಸ್ ಮುಂಬೈಗೆ ಬಂದರು. ಎರ್ಲಿಖ್ ಆ ವರದಿ ಬರೆದ ವರ್ಷವೇ ಹುಟ್ಟಿದವರು ಇವರು! ಗರ್ಭಿಣಿಯರ ಪ್ರಾಣ ತೆಗೆಯುತ್ತಿದ್ದ, ಕೆಂಪು ಕಣಗಳು ವಿಪರೀತ ದೊಡ್ಡದಾಗಿ ಕಾಣುವ ಒಂದು ರಕ್ತಹೀನತೆ ಅವರ ಅಧ್ಯಯನದ ವಿಷಯ. ರೋಗಾಣುವಿಗಾಗಿ ಹುಡುಕಿದರು, ಸಿಗಲಿಲ್ಲ. ನಂತರ ಯಾರು ಏನು ತಿನ್ನುತ್ತಾರೆಂದು ವಿಚಾರಿಸತೊಡಗಿದರು. ಬಡ ಮುಸ್ಲಿಂ ಮಹಿಳೆಯರ ಊಟವೇ ಎಲ್ಲರಿಗಿಂತ ಕಳಪೆ, ರೋಗವೂ ಅವರಲ್ಲೇ ಹೆಚ್ಚು. ಯೀಸ್ಟ್‌ನಿಂದ ಮಾಡಿದ ಅಗ್ಗದ ಮಾರ್ಮೈಟ್ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಅಜ್ಞಾತ ಅಂಶ ಫೋಲಿಕ್ ಆಮ್ಲವೆಂದು 1940ರ ದಶಕದಲ್ಲಿ ತಿಳಿಯಿತು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ಈ ರೋಗದಲ್ಲಿ ಮಜ್ಜೆ ಬರಿದಾಗಿರುವುದಿಲ್ಲ, ತುಂಬಿ ತುಳುಕುತ್ತಿರುತ್ತದೆ. ಆದರೆ ಕಣಗಳು ಬಲಿಯದೆ ಒಳಗೇ ಸಾಯುತ್ತವೆ. ತೀವ್ರವಾದಾಗ ಬಿಳಿ ಕಣ, ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಬಿ12 ಕೊರತೆಯಲ್ಲೂ ಹೀಗೆಯೇ. ಅಂದರೆ ಬರ್ಲಿನ್‌ನ ಆ ಯುವತಿಯ ರೋಗಕ್ಕೂ ಇದಕ್ಕೂ ವರದಿಯ ಮೂರು ಅಂಕಿಗಳು ಒಂದೇ ತೆರನಾಗಿ ಕಾಣಬಹುದು. ಒಂದಕ್ಕೆ ಮಜ್ಜೆ ಕಸಿಯೇ ಬೇಕಾದೀತು, ಇನ್ನೊಂದು ಮಾತ್ರೆ, ಇಂಜೆಕ್ಷನ್‌ಗೆ ಬಗ್ಗುತ್ತದೆ. ಆದ್ದರಿಂದಲೇ ಯಂತ್ರ ಎಣಿಸಿಕೊಟ್ಟ ಮೇಲೂ ತಜ್ಞರು ರಕ್ತದ ಸ್ಲೈಡನ್ನು ಕಣ್ಣಾರೆ ನೋಡಿ ಕಣಗಳ ಗಾತ್ರ, ಆಕಾರವನ್ನು ಬರೆದಿಡುತ್ತಾರೆ. ರೋಗಿಯ ಆಹಾರ, ಸೇವಿಸಿದ ಔಷಧಿಗಳ ವಿವರವೂ ಅದರೊಂದಿಗೆ ಇರಬೇಕು. ಬಿ12 ಪರೀಕ್ಷಿಸದೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳಿಗೆ ಹಾನಿಯಾಗಬಹುದು.

ಭಾರತ ಸರಕಾರ 1970ರಲ್ಲಿ ರಕ್ತಹೀನತೆ ತಡೆ ಕಾರ್ಯಕ್ರಮ ಆರಂಭಿಸಿತು. ಇಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ಸಿಗುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಸೇರಿದೆ.