ಗಾಲ್ಫ್ ಆಟಗಾರರು ಹಾಗೂ ಕ್ಯಾಡಿಗಳಿಗೆ ಬಿಸಿಲು ತಡೆಯುವ ಟೋಪಿ: ಸಾರ್ವಜನಿಕ ಮಾಹಿತಿ

ಗಾಲ್ಫ್ ಆಟದಲ್ಲಿ 18 ಕುಳಿಗಳ ಒಂದು ಸುತ್ತನ್ನು ಪೂರ್ಣಗೊಳಿಸಲು ಸುಮಾರು 4 ಗಂಟೆಗಳ ಕಾಲ ಬಯಲಿನಲ್ಲಿರಬೇಕಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹವೆ ತಂಪಾಗಿದ್ದರೂ ನೇರಳಾತೀತ ಕಿರಣಗಳ ತೀವ್ರತೆ ಕಡಿಮೆಯಿರುವುದಿಲ್ಲ. ತೆಳುವಾದ ಮೋಡವೂ ಅವುಗಳನ್ನು ತಡೆಯುವುದಿಲ್ಲ.

ಬಹುತೇಕ ಆಟಗಾರರು ಧರಿಸುವ ಕ್ಯಾಪ್, ಹಣೆ ಮತ್ತು ಮೂಗಿಗೆ ನೆರಳು ನೀಡುತ್ತದೆಯೇ ಹೊರತು ಕಿವಿ ಹಾಗೂ ಕತ್ತಿನ ಹಿಂಭಾಗಕ್ಕೆ ನೀಡುವುದಿಲ್ಲ. ಚೆಂಡನ್ನು ನೋಡುತ್ತಾ ತಲೆ ಬಾಗಿಸಿದಾಗ ಬಿಸಿಲು ಬೀಳುವುದು ಈ ಭಾಗಗಳ ಮೇಲೆಯೇ ಆಗಿರುತ್ತದೆ. ನೆತ್ತಿ ತೆರೆದಿರುವ ವೈಸರ್ ಕೂದಲು ವಿರಳವಾಗಿರುವವರಿಗಂತೂ ಸಲ್ಲದು.

ಆದ್ದರಿಂದ ಸುತ್ತಲೂ ಕನಿಷ್ಠ 7.5 ಸೆಂ.ಮೀ. ಅಗಲದ ಅಂಚುಳ್ಳ, ಒತ್ತಾದ ನೇಯ್ಗೆಯ ಟೋಪಿಯನ್ನು ಆಯ್ಕೆ ಮಾಡಿಕೊಳ್ಳತಕ್ಕದ್ದು. ಖರೀದಿಸುವಾಗ ಬೆಳಕಿಗೆ ಹಿಡಿದು ಪರೀಕ್ಷಿಸಬಹುದು; ಬೆಳಕು ಧಾರಾಳವಾಗಿ ತೂರಿಬಂದಲ್ಲಿ ಅಂತಹ ಟೋಪಿಯನ್ನು ಬಿಡುವುದು ಲೇಸು. ಯು.ಪಿ.ಎಫ್. 50 ಎಂಬ ಗುರುತಿದ್ದಲ್ಲಿ ಬಟ್ಟೆಯ ಮೂಲಕ ಶೇ. 2ರಷ್ಟು ಕಿರಣಗಳು ಮಾತ್ರ ಹಾಯುತ್ತವೆ ಎಂದರ್ಥ. ಬೆಲೆಗಿಂತ ಅಂಚಿನ ಅಳತೆಯನ್ನು ನೋಡುವುದು ಸೂಕ್ತ. ಅಗಲ ಅಂಚು ಹೊಡೆತಕ್ಕೆ ಅಡ್ಡಿಯಾಗುವುದೆಂಬ ಆಕ್ಷೇಪಣೆಯುಂಟು. ಆದರೆ 1986 ಮತ್ತು 1993ರಲ್ಲಿ ದಿ ಓಪನ್ ಗೆದ್ದ ಆಸ್ಟ್ರೇಲಿಯಾದ ಗ್ರೆಗ್ ನಾರ್ಮನ್ ಅವರು ಅಂತಹ ಟೋಪಿಗೇ ಹೆಸರಾದವರು.

ಕ್ಯಾಡಿಗಳಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಆಟಗಾರರು ವಾರಕ್ಕೊಮ್ಮೆ ಬಂದು ಹೋಗಬಹುದು, ಕ್ಯಾಡಿಗಳು ನಿತ್ಯವೂ ಚೀಲ ಹೊತ್ತು ಅದೇ ಬಿಸಿಲಿನಲ್ಲಿ ನಡೆಯುತ್ತಾರೆ.

ಟೋಪಿ ಧರಿಸಿದರೂ ಮುಖ ಹಾಗೂ ಕತ್ತಿಗೆ ಸನ್‌ಸ್ಕ್ರೀನ್ ಲೇಪನ ಅವಶ್ಯ. ಕಿವಿಯ ಅಂಚಿನಲ್ಲಿ ಅಥವಾ ಕತ್ತಿನ ಮೇಲೆ ವಾರಗಟ್ಟಲೆ ಮಾಯದ ಹುಣ್ಣು ಕಂಡುಬಂದಲ್ಲಿ ವಿಳಂಬಿಸದೆ ಚರ್ಮರೋಗ ತಜ್ಞರನ್ನು ಕಾಣುವುದು.