ಸಾಲಾರ್ ಜಂಗರ ನ್ಯಾಯಸುಧಾರಣೆಯೂ ಕೊಪ್ಪಳ ಸೀಮೆಯೂ

ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಧರ್ಮಶಾಸ್ತ್ರಕಾರರು ಹೇಳುತ್ತಾರೆ. ಅವುಗಳಲ್ಲಿ ಮೊದಲನೆಯದಕ್ಕೆ ‘ಭಾಷಾ’ ಎಂದು ಹೆಸರು. ಅರ್ಥಿಯು ತನ್ನ ದೂರನ್ನು ಹೇಳಿ ಬರೆಯಿಸುವುದೇ ಭಾಷಾಪಾದ. ಅವನು ಹೇಗೆ ಅರಿಕೆ ಮಾಡಿದನೋ ಹಾಗೆಯೇ, ಪ್ರತ್ಯರ್ಥಿಯ ಎದುರಿನಲ್ಲಿಯೇ, ಅದನ್ನು ಬರೆಯತಕ್ಕದ್ದೆಂಬುದು ಯಾಜ್ಞವಲ್ಕ್ಯರ ವಿಧಿ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಕಲಬುರಗಿ ಸೀಮೆಯ ಮರ್ತೂರಿನವನೆಂದು ಪ್ರತೀತಿಯುಂಟು. ಇಂದಿನ ಯಲಬುರ್ಗಿಯು ಆಗ ಎರಂಬರಗೆಯೆಂಬ ಹೆಸರಿನಿಂದ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿತ್ತು. ಅಂದ ಮೇಲೆ ಈ ವಿಧಿಯು ಕೊಪ್ಪಳ ಸೀಮೆಗೆ ಎಲ್ಲಿಂದಲೋ ಬಂದುದಲ್ಲ, ನೆರೆಮನೆಯದು.

ಏಳೂವರೆ ಶತಮಾನಗಳು ಕಳೆದ ಮೇಲೆ ಇದೇ ಸೀಮೆಯಲ್ಲಿ ನ್ಯಾಯವು ಯಾವ ಸ್ಥಿತಿಯಲ್ಲಿತ್ತೆಂಬುದನ್ನು ನೋಡಬೇಕು. ನಿಜಾಮರ ರಾಜ್ಯದ ನೈರುತ್ಯ ಮೂಲೆಯಲ್ಲಿ ಕೊಪ್ಪಳ, ಯಲಬುರ್ಗಿಗಳು ಸಾಲಾರ್ ಜಂಗರ ಮನೆತನದ ಜಾಗೀರು; ಗಂಗಾವತಿ, ಕುಷ್ಟಗಿಗಳು ಸರಕಾರದ ದಿವಾಣಿ ತಾಲ್ಲೂಕುಗಳು; ನಡುವೆ ಆನೆಗೊಂದಿಯು ವಿಜಯನಗರದ ಅರಸುಮನೆತನದವರ ಪುಟ್ಟ ಸಂಸ್ಥಾನ. ತುಂಗಭದ್ರೆಯನ್ನು ದಾಟಿದರೆ ಹೊಸಪೇಟೆ, ಅಲ್ಲಿ ಮದರಾಸಿನ ಕಾಯಿದೆ; ಪಡುವಲಿಗೆ ನಡೆದರೆ ಮುಂಡರಗಿ, ಗದಗು, ಅಲ್ಲಿ ಮುಂಬಯಿಯ ಕಾಯಿದೆ. ಎತ್ತು ಕಳೆದುಕೊಂಡ ರೈತನಿಗೆ ಎತ್ತು ಯಾವ ದಿಕ್ಕಿಗೆ ಹೋಯಿತೆಂಬುದಕ್ಕಿಂತ ಯಾರ ಸರಹದ್ದಿಗೆ ಹೋಯಿತೆಂಬುದೇ ದೊಡ್ಡ ಚಿಂತೆಯಾಗಿದ್ದಿರಬೇಕು.

ಮೀರ್ ತುರಾಬ್ ಅಲಿ ಖಾನರು, ಅಂದರೆ ಮೊದಲನೆಯ ಸಾಲಾರ್ ಜಂಗರು, 1853ರಲ್ಲಿ ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹೈದರಾಬಾದಿನ ದಿವಾನರಾದರು. ಬೊಕ್ಕಸ ಬರಿದಾಗಿತ್ತು. ಅದೇ ವರ್ಷ ಸೈನ್ಯದ ವೆಚ್ಚಕ್ಕೆಂದು ರಾಯಚೂರು ದೋಆಬವನ್ನು ಆಂಗ್ಲರ ಕೈಗೆ ಒಪ್ಪಿಸಬೇಕಾಯಿತು. ಅದು ಮರಳಿದ್ದು 1860ರಲ್ಲಿ. 1861ರಲ್ಲಿ ರಾಜ್ಯದೊಳಗಿನ ಯುರೋಪಿಯನ್ನರನ್ನು ವಿಚಾರಿಸುವ ಅಧಿಕಾರವು ಆಂಗ್ಲ ರೆಸಿಡೆಂಟನಿಗೆ ಸಂದಿತು. ತನ್ನ ನೆಲದಲ್ಲಿ ನಡೆದ ಅಪರಾಧವನ್ನು ತಾನೇ ವಿಚಾರಿಸಲಾರದ ರಾಜ್ಯವು ಹೆಸರಿಗೆ ಮಾತ್ರ ರಾಜ್ಯ. ಈ ಅವಮಾನವು ಆ ಕಾಲದಲ್ಲಿ ಏಷ್ಯಾಖಂಡದ ಅನೇಕ ದೇಶಗಳಿಗೆ ಸಾಮಾನ್ಯವಾಗಿತ್ತು. ಜಪಾನು 1873ರಲ್ಲಿ ಫ್ರಾನ್ಸಿನಿಂದ ಬೊಆಸೊನಾಡ್ ಎಂಬ ಪಂಡಿತನನ್ನು ಕರೆಯಿಸಿ ಅವನಿಂದ ದಂಡಸಂಹಿತೆಯನ್ನು ರಚಿಸಿಕೊಂಡಿತು. ಸಯಾಮಿನ ಅರಸನು 1892ರಲ್ಲಿ ಬೆಲ್ಜಿಯಮಿನ ರೋಲಾಂ ಜಾಕ್ಮಾಂ ಎಂಬವನನ್ನು ಪ್ರಧಾನ ಸಲಹೆಗಾರನನ್ನಾಗಿ ಮಾಡಿಕೊಂಡನು. ಪರರ ನ್ಯಾಯಾಲಯವನ್ನು ತಮ್ಮ ನೆಲದಿಂದ ತೆಗೆಯಿಸಬೇಕಾದರೆ ಪರರು ಮೆಚ್ಚುವಂತಹ ನ್ಯಾಯಾಲಯವನ್ನು ತಾವೇ ಕಟ್ಟಬೇಕು, ಅದಕ್ಕೆ ಪರರ ನೆರವನ್ನೇ ಪಡೆಯಬೇಕು: ಇದು ಅವರೆಲ್ಲರ ಇಕ್ಕಟ್ಟು.

ಸಾಲಾರ್ ಜಂಗರ ಯುಕ್ತಿಯು ಇವರಿಗಿಂತ ಸೂಕ್ಷ್ಮವಾದುದು. ಅವರು ಹೊರಗಿನಿಂದ ನೆರವನ್ನು ತಂದರು. ಆದರೆ ಆಂಗ್ಲರ ಕೈಕೆಳಗೆ ಪಳಗಿದ ಉತ್ತರ ಹಿಂದುಸ್ಥಾನದ ಭಾರತೀಯರನ್ನು ಹೆಚ್ಚಾಗಿ ಆರಿಸಿಕೊಂಡರು. 1865ರಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಭಾಗಿಸಿ, 1868ರಲ್ಲಿ ನ್ಯಾಯಶಾಖೆಗೆ ಪ್ರತ್ಯೇಕ ಸದರುಲ್ ಮಹಾಮರನ್ನು ನೇಮಿಸಿ, ಅನಂತರ ಒಬ್ಬೊಬ್ಬರನ್ನಾಗಿ ಕರೆಯಿಸಿದರು. 1874ರಲ್ಲಿ ಮೆಹದಿ ಅಲಿಯವರು ಬಂದರು. ಮರುವರ್ಷ ಮುಷ್ತಾಕ್ ಹುಸೇನರು. 1877ರಲ್ಲಿ ಬಂದ ನಜೀರ್ ಅಹಮದರು ಭಾರತೀಯ ದಂಡಸಂಹಿತೆಯನ್ನು ಉರ್ದುವಿಗೆ ತಂದವರಲ್ಲಿ ಒಬ್ಬರು. ಸರ್ ಸಯ್ಯದ್ ಅಹಮದ್ ಖಾನರ ಮಗ, ಕೇಂಬ್ರಿಜ್ಜಿನಲ್ಲಿ ಓದಿ ಬ್ಯಾರಿಸ್ಟರಾದ ಸಯ್ಯದ್ ಮಹಮೂದರು, ಹೈದರಾಬಾದಿನ ನ್ಯಾಯಾಡಳಿತದ ಸುಧಾರಣೆಗೆ ಸಲಹೆ ನೀಡಲು ಸ್ವಲ್ಪ ಕಾಲ ಎರವಲಾಗಿ ಬಂದಿದ್ದರು. 1887ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯದ ಕಾಯಂ ನ್ಯಾಯಾಧೀಶರಾದ ಈ ಮಹನೀಯರು, ಸೆರೆಮನೆಯಲ್ಲಿದ್ದು ವಕೀಲರನ್ನಿಡಲು ಗತಿಯಿಲ್ಲದವನ ಮೇಲ್ಮನವಿಯ ಕಾಗದಗಳನ್ನು ಓದಿದ ಮಾತ್ರಕ್ಕೆ ಅವನ ಮಾತನ್ನು ‘ಕೇಳಿದಂತೆ’ ಆಗದೆಂದು 1891ರಲ್ಲಿ ತಮ್ಮ ಸಹನ್ಯಾಯಾಧೀಶರಿಗೆ ಭಿನ್ನವಾಗಿ ಅಭಿಪ್ರಾಯ ಬರೆದರು. ಬಂದವರು ಸಾಮಾನ್ಯರಲ್ಲ ಎಂಬುದಕ್ಕೆ ಇದೊಂದೇ ಸಾಕು.

ಇಷ್ಟು ಯೋಗ್ಯರು ತಂದ ನ್ಯಾಯವು ಕುಷ್ಟಗಿಯ ಒಕ್ಕಲಿಗನಿಗೆ ಯಾವ ರೂಪದಲ್ಲಿ ದೊರೆಯಿತು? ಅದುವರೆಗೆ ದರ್ಬಾರಿನ ಲಿಪಿಕಾರ್ಯವೆಲ್ಲ ಫಾರಸಿಯಲ್ಲಿತ್ತು. 1880ರ ದಶಕದಲ್ಲಿ ಅದನ್ನು ತೆಗೆದು ಉರ್ದುವನ್ನು ಸ್ಥಾಪಿಸಿದರು. ದಿಲ್ಲಿ, ಲಖನೌಗಳಿಂದ ಬಂದವರಿಗೆ ಇದು ಪಂಡಿತರ ಭಾಷೆಯಿಂದ ಜನರ ಭಾಷೆಗೆ ಇಳಿದಂತೆ ಕಂಡಿತು; ಅವರ ಊರಿನಲ್ಲಿ ಅದು ನಿಜವೂ ಹೌದು. ಅವರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಆದರೆ ಕನ್ನಡವನ್ನಾಡುವ ಗಂಗಾವತಿಯ ಗದ್ದೆಯವನಿಗೆ ಫಾರಸಿ ಹೋಗಿ ಉರ್ದು ಬಂದುದು ಒಂದು ಬೀಗವನ್ನು ತೆಗೆದು ಇನ್ನೊಂದನ್ನು ಹಾಕಿದಂತಾಯಿತು. ಅವನು ಕನ್ನಡದಲ್ಲಿ ಹೇಳುವನು, ಗುಮಾಸ್ತನು ಉರ್ದುವಿನಲ್ಲಿ ಬರೆಯುವನು, ಇವನು ಅದರ ಕೆಳಗೆ ಹೆಬ್ಬೆಟ್ಟು ಒತ್ತುವನು. ಅರ್ಥಿ ಹೇಳಿದಂತೆಯೇ ಬರೆಯತಕ್ಕದ್ದೆಂಬ ವಿಧಿಯು ಅಲ್ಲಿಗೆ ಮುಗಿಯಿತು. ದಾವೆ, ಫಿರ್ಯಾದಿ, ತಕರಾರು, ಜಾಮೀನು, ಜಪ್ತಿ, ವಕಾಲತ್ತು, ಫೈಸಲು, ಅಸಲು, ನಕಲು ಮೊದಲಾದ ಶಬ್ದಗಳು ಕನ್ನಡದಲ್ಲಿ ಹಿಂದಿನಿಂದಲೂ ಸೇರಿದ್ದವು. ನಮ್ಮ ಹೆಂಗಸರು ಕೂಡ ಅವುಗಳನ್ನು ಸರಾಗವಾಗಿ ಆಡುತ್ತಾರೆ. ಶಬ್ದಗಳು ಮನೆಯೊಳಗೆ ಬಂದವು, ಕಾಗದ ಮಾತ್ರ ಹೊರಗೇ ನಿಂತಿತು.

ವಕೀಲಿ ವೃತ್ತಿಯ ಬಾಗಿಲೂ ಹೀಗೆಯೇ. ನ್ಯಾಯಾಲಯದ ಭಾಷೆ ಉರ್ದುವಾದುದರಿಂದ ವಕೀಲನಾಗಬಯಸುವ ಕನ್ನಡಿಗನು ಮೊದಲು ಅದರಲ್ಲಿ ಪ್ರವೀಣನಾಗಬೇಕಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯಲ್ಲಿ ಉಚ್ಚಶಿಕ್ಷಣ ಸಾಧ್ಯವೆಂದು ತೋರಿಸಿಕೊಟ್ಟಿತು. ಅದರ ಭಾಷಾಂತರ ವಿಭಾಗದ ಶ್ರಮವು ಸ್ತುತ್ಯರ್ಹವಾದುದು. ಆದರೆ ಆ ದೇಶಭಾಷೆಯು ತೆಲುಗರದೂ ಮರಾಠಿಗರದೂ ಕನ್ನಡಿಗರದೂ ಆಗಿರಲಿಲ್ಲ.

ಇದರಲ್ಲಿ ಇನ್ನೊಂದು ವಿಚಿತ್ರವುಂಟು. ಮಿತಾಕ್ಷರೆಯ ದಾಯವಿಭಾಗ ಪ್ರಕರಣವನ್ನು ಕೋಲ್‌ಬ್ರೂಕ್ ಪಂಡಿತನು 1810ರಲ್ಲಿ ಆಂಗ್ಲಭಾಷೆಗೆ ಪರಿವರ್ತಿಸಿದನು. ಬ್ರಿಟಿಷ್ ಭಾರತದ ನ್ಯಾಯಾಲಯಗಳೂ ಲಂಡನ್ನಿನ ಪ್ರಿವಿ ಕೌನ್ಸಿಲೂ ಹಿಂದೂಗಳ ಆಸ್ತಿಪಾಲಿನ ವಿಷಯದಲ್ಲಿ ಆ ಪರಿವರ್ತನೆಯನ್ನೇ ಆಧಾರವಾಗಿ ಹಿಡಿದವು. ಉತ್ತರದಿಂದ ಬಂದ ನ್ಯಾಯವಾದಿಗಳಿಗೆ ಹಿಂದೂ ದಾಯವಿಧಿಯ ಪರಿಚಯವಾದುದು ಆ ತೀರ್ಪುಗಳ ದಾರಿಯಿಂದಲೇ. ಹೀಗೆ ಕಲ್ಯಾಣದಲ್ಲಿ ಹುಟ್ಟಿದ ಶಾಸ್ತ್ರವು ಕಲಕತ್ತೆಗೂ ಲಂಡನ್ನಿಗೂ ಹೋಗಿ, ಲಖನೌ, ಅಲಹಾಬಾದುಗಳನ್ನು ಸುತ್ತಿ, ಉರ್ದುವಿನ ಉಡುಪಿನಲ್ಲಿ ಕಲ್ಯಾಣದ ನೆರೆಗೆ ಹಿಂದಿರುಗಿತು. ಅಣ್ಣತಮ್ಮಂದಿರ ಪಾಲುಪಟ್ಟಿಯ ವ್ಯಾಜ್ಯದಲ್ಲಿ ಅದನ್ನು ಎದುರ್ಗೊಂಡ ಯಲಬುರ್ಗಿಯವರಿಗೆ ಅದರ ಗುರುತು ಹತ್ತಲಿಲ್ಲವೆಂದರೆ ಆಶ್ಚರ್ಯವೇನು?

ಆದರೆ ಸಾಲಾರ್ ಜಂಗರ ಕೀರ್ತಿಯಲ್ಲಿ ನಿಜವಾದ ಕೊರತೆಯು ಭಾಷೆಯದಲ್ಲ, ಜಾಗೀರಿನದು. ಅವರು ದಿವಾಣಿ ಪ್ರದೇಶದಲ್ಲಿ ನ್ಯಾಯಾಲಯಗಳನ್ನು ಕ್ರಮಪಡಿಸಿದರು. ಜಾಗೀರುದಾರರ ನ್ಯಾಯಾಧಿಕಾರವನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಮೊದಲು ತಮ್ಮದನ್ನೇ ಬಿಡಬೇಕಾಗಿತ್ತು. ಅವರ ಮನೆತನದ ಜಾಗೀರಿಗೆ ಸ್ವಂತ ನ್ಯಾಯಾಲಯ, ಸ್ವಂತ ಪೊಲೀಸು ಇದ್ದವು. ರಾಜ್ಯಕ್ಕೆಲ್ಲ ಸುಧಾರಕರಾದವರು ಕೊಪ್ಪಳಕ್ಕೆ ಧಣಿಯಾಗಿಯೇ ಉಳಿದರು. ಕಂದಾಯವನ್ನೆತ್ತುವ ಮನೆತನದವರೇ ನ್ಯಾಯಾಧೀಶನನ್ನೂ ನೇಮಿಸುವಲ್ಲಿ ಕಂದಾಯದ ವ್ಯಾಜ್ಯವು ಯಾವ ಕಡೆಗೆ ವಾಲುವುದೆಂದು ಹೇಳಬೇಕಾಗಿಲ್ಲ. ಅವರು 1883ರಲ್ಲಿ ತೀರಿಕೊಂಡ ಮೇಲೆಯೂ ಮೊಮ್ಮಗನ ಕಾಲದವರೆಗೆ ಅದು ಹಾಗೆಯೇ ನಡೆಯಿತು. ಆ ಮೊಮ್ಮಗ, ಮೂರನೆಯ ಸಾಲಾರ್ ಜಂಗರು, ಕೂಡಿಟ್ಟ ಶಿಲ್ಪಗಳನ್ನೂ ಗಡಿಯಾರಗಳನ್ನೂ ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿ ಜನರು ಬೆರಗಾಗಿ ನೋಡುತ್ತಾರೆ. ಆ ವೈಭವದಲ್ಲಿ ಕೊಪ್ಪಳದ ಜೋಳದ ಹೊಲಗಳ ಪಾಲೂ ಇದೆ.

ಹೀಗೆಂದು ಹೊರಗಿನ ನೆರವೆಲ್ಲ ವ್ಯರ್ಥವಾಯಿತೆನ್ನುವುದು ಅನ್ಯಾಯ. 1921ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನಿನಿಂದ ಹೈದರಾಬಾದಿನಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲಾಯಿತು. ಅದುವರೆಗೆ ಕಂದಾಯ ವಸೂಲು ಮಾಡುವ ತಹಶೀಲ್ದಾರನೇ ದಂಡವನ್ನೂ ವಿಧಿಸುತ್ತಿದ್ದನು. ಈ ಸುಧಾರಣೆಯನ್ನು ಕಾಂಗ್ರೆಸ್ ಮಹಾಸಭೆಯು ತನ್ನ ಮೊದಲ ವರ್ಷಗಳಿಂದಲೇ ಆಂಗ್ಲ ಸರಕಾರವನ್ನು ಬೇಡುತ್ತ ಬಂದಿದ್ದಿತು, ಆಂಗ್ಲರು ಕೊಡಲಿಲ್ಲ. ಸ್ವತಂತ್ರ ಭಾರತವು 1950ರ ಸಂವಿಧಾನದ ಐವತ್ತನೆಯ ಅನುಚ್ಛೇದದಲ್ಲಿ ಅದನ್ನು ಧ್ಯೇಯವಾಗಿಟ್ಟು, 1973ರ ದಂಡಪ್ರಕ್ರಿಯಾ ಸಂಹಿತೆಯಿಂದ ದೇಶದ ಬಹುಭಾಗಕ್ಕೆ ಅನ್ವಯಿಸಿತು. ಸಾಲ ತಂದವನು ಸಾಲ ಕೊಟ್ಟವನಿಗಿಂತ ಅರ್ಧ ಶತಮಾನ ಮುಂದೆ ಹೋಗಿದ್ದನು.

ಆದರೂ ನ್ಯಾಯಾಲಯವು ಜನರ ನಂಬಿಕೆಯಿಂದ ನಿಲ್ಲತಕ್ಕದ್ದು. 1948ರಲ್ಲಿ ರಜಾಕಾರರ ಹಾವಳಿಯನ್ನು ಪ್ರತಿಭಟಿಸಿ ವಿನಾಯಕರಾವ್ ವಿದ್ಯಾಲಂಕಾರರ ಮುಂದಾಳುತನದಲ್ಲಿ ಅನೇಕ ವಕೀಲರು ನ್ಯಾಯಾಲಯಗಳನ್ನು ಬಹಿಷ್ಕರಿಸಿದರು. ಎಪ್ಪತ್ತು ವರ್ಷಗಳಲ್ಲಿ ಕಟ್ಟಿದ ವ್ಯವಸ್ಥೆಗೆ ಅದರ ವೃತ್ತಿಯವರೇ ಬೆನ್ನು ತಿರುಗಿಸಿದರು. ಆ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. 1949ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು; ಕೊಪ್ಪಳ, ಯಲಬುರ್ಗಿಗಳ ಕೊನೆಯ ಜಾಗೀರುದಾರರು ಅದೇ ವರ್ಷದ ಮಾರ್ಚಿನಲ್ಲಿಯೇ ನಿಧನರಾಗಿದ್ದರು. 1956ರ ನವೆಂಬರಿನಲ್ಲಿ ಹೊಸಪೇಟೆಯೂ ಮುಂಡರಗಿಯೂ ಗಂಗಾವತಿಯೂ ಒಂದೇ ಉಚ್ಚ ನ್ಯಾಯಾಲಯದ ಕೆಳಗೆ ಬಂದವು. 1997ರಲ್ಲಿ ನಾಲ್ಕು ತಾಲ್ಲೂಕುಗಳು ಸೇರಿ ಕೊಪ್ಪಳ ಜಿಲ್ಲೆಯಾಯಿತು. 2008ರಲ್ಲಿ ಧಾರವಾಡದಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಆದ ಪೀಠಕ್ಕೆ ಈ ಜಿಲ್ಲೆಯ ಮೇಲ್ಮನವಿಗಳು ಹೋಗುತ್ತವೆ. ಅಲ್ಲಿಯ ತೀರ್ಪು ಆಂಗ್ಲಭಾಷೆಯಲ್ಲಿ ಹೊರಡುತ್ತದೆ.

ಇಂದಿಗೂ ಈ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಉರ್ದುವಿನಲ್ಲಿ ಬರೆದ ಖರೀದಿಪತ್ರಗಳು ಇರುತ್ತವೆ. ಅವುಗಳಲ್ಲಿರುವುದು ಫಸಲಿ ವರ್ಷ. 1320 ಎಂದಿದ್ದರೆ ಅದಕ್ಕೆ 590 ಕೂಡಿಸಿ 1910 ಎಂದು ತಿಳಿಯಬೇಕು. ಅಜ್ಜನ ಹೆಬ್ಬೆಟ್ಟಿನ ಗುರುತು ಮಾಸಿರುವುದಿಲ್ಲ. ಅದರ ಮೇಲಿರುವ ಬರಹವನ್ನು ಓದಿ ಹೇಳಬಲ್ಲವರನ್ನು ಹುಡುಕಿಕೊಂಡು ಮೊಮ್ಮಕ್ಕಳು ಊರೂರು ತಿರುಗುತ್ತಾರೆ.